ಕದಲದ ಅಂಕಿ

"ಗುರುಗಳೇ, ತಪ್ಪನ್ನು ತಿದ್ದಿದ ಮೇಲೂ ನಾಚಿಕೆ ಏಕೆ ಹೋಗುವುದಿಲ್ಲ?" ಎಂದು ಶಿಷ್ಯ ಸಿದ್ಧವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಇಂಜಿನಿಯರ್ ಇದ್ದ. ರೇಷ್ಮೆಯ ಮರಿಹುಳುಗಳನ್ನು ಸಾಕಿ ರೈತರಿಗೆ ಕೊಡುವ ಕೇಂದ್ರವೊಂದಕ್ಕೆ ಅವನು ಒಂದು ಯಂತ್ರ ಮಾಡಿಕೊಟ್ಟ. ಅಂಗೈಯಗಲದ ಪೆಟ್ಟಿಗೆ, ಅದರೊಳಗೇ ಪುಟ್ಟದೊಂದು ವೆಬ್ ಸರ್ವರ್. ಮೊಬೈಲಿನಲ್ಲಿ ಅದರ ಪುಟ ತೆರೆದರೆ ಹುಳುಮನೆಯ ಶಾಖ ಎಷ್ಟಿದೆಯೆಂದು ಕಾಣುತ್ತಿತ್ತು. ಶಾಖ ಕಡಿಮೆಯಾದರೆ ಪೆಟ್ಟಿಗೆ ತಾನೇ ಹೀಟರ್ ಹಾಕುತ್ತಿತ್ತು, ಹೆಚ್ಚಾದರೆ ಆರಿಸುತ್ತಿತ್ತು.

ಶಾಖ ಅಳೆಯುವ ಸೆನ್ಸರ್ ಒಮ್ಮೊಮ್ಮೆ ಉತ್ತರ ಕೊಡುತ್ತಿರಲಿಲ್ಲ. ಆಗ ಪುಟದಲ್ಲಿ 'ಉತ್ತರವಿಲ್ಲ' ಎಂದು ಕೆಂಪು ಅಕ್ಷರದಲ್ಲಿ ಬರುತ್ತಿತ್ತು, ಹೀಟರ್ ಆರುತ್ತಿತ್ತು. ಯಂತ್ರವನ್ನು ರೈತರಿಗೆ ತೋರಿಸುವ ದಿನ ಹತ್ತಿರ ಬಂತು. ಅಷ್ಟು ಜನರ ಮುಂದೆ ಕೆಂಪು ಅಕ್ಷರ ಕಂಡರೆ ಮರ್ಯಾದೆ ಹೋಗುತ್ತದೆಂದು ಇಂಜಿನಿಯರ್ ಹೆದರಿದ. ಉತ್ತರ ಬಾರದಿದ್ದರೆ ಹಿಂದಿನ ಅಂಕಿಯನ್ನೇ ತೋರಿಸಿ ಅದರಂತೆಯೇ ನಡೆಯುವಂತೆ ಪೆಟ್ಟಿಗೆಯ ಪ್ರೋಗ್ರಾಮಿನಲ್ಲಿ ಬರೆದ. ಆಮೇಲೆ ತೆಗೆದರಾಯಿತು ಎಂದುಕೊಂಡ. ಜನ ಹೊಗಳಿದರು. ಕೇಂದ್ರದ ಯಜಮಾನ ಶಾಲು ಹೊದಿಸಿದ. ತೆಗೆಯುವುದು ಮರೆತೇಹೋಯಿತು.

ಹುಳುಮನೆಯನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಪದೇಪದೇ ಬಾಗಿಲು ತೆರೆದರೆ ಒಳಗಿನ ತೇವ ಹೋಗುತ್ತದೆ, ಸೊಪ್ಪು ಹಾಕುವ ಹೊತ್ತು ಬಿಟ್ಟರೆ ಹೊರಗಿಂದಲೇ ಪುಟ ನೋಡು ಎಂದು ಯಜಮಾನ ಹೇಳಿದ್ದ. ಅವಳು ಹಾಗೆಯೇ ಮಾಡುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಸೊಪ್ಪು ಹಾಕಿ ಬಾಗಿಲು ಮುಚ್ಚಿದಳು. ಪುಟದಲ್ಲಿ ಇಪ್ಪತ್ತಾರು ಡಿಗ್ರಿ ಇತ್ತು. ಮಧ್ಯಾಹ್ನ ನೋಡಿದಳು, ಇಪ್ಪತ್ತಾರೇ. ಸಂಜೆ ಬಾಗಿಲು ತೆರೆದಾಗ ಬಿಸಿ ಮುಖಕ್ಕೆ ಹೊಡೆಯಿತು. ತಟ್ಟೆಗಳಲ್ಲಿ ಮರಿಗಳೆಲ್ಲ ಸುರುಟಿ ಬಿದ್ದಿದ್ದವು.

ಯಜಮಾನ ಇಂಜಿನಿಯರನ್ನು ಕರೆಸಿದ. ಹುಳುವಿಗೆ ಕಾದಿದ್ದ ರೈತರೂ ಬಂದು ನಿಂತರು. ಇಂಜಿನಿಯರ್ ಪೆಟ್ಟಿಗೆಯನ್ನು ಬಗ್ಗಿ ನೋಡಿದ. ಸೆನ್ಸರಿನ ತಂತಿ ಕಳಚಿಕೊಂಡಿತ್ತು. ಬೇಕಾದದ್ದಕ್ಕಿಂತ ತುಸು ಕಡಿಮೆಯಿದ್ದ ಬೆಳಗಿನ ಅಂಕಿಯನ್ನೇ ನಂಬಿ ಪೆಟ್ಟಿಗೆ ಇಡೀ ದಿನ ಹೀಟರ್ ಉರಿಸಿತ್ತು. ಅವನ ಕಿವಿ ಕಾದುಹೋಯಿತು. ಬೆನ್ನು ಜನರ ಕಡೆಗಿತ್ತು. ಯಾರಿಗೂ ಕಾಣದಂತೆ ಬೆರಳಿನಿಂದ ತಂತಿಯನ್ನು ಒತ್ತಿ ಸೇರಿಸಿದ.

"ಯಂತ್ರ ಕೆಟ್ಟಿದೆಯೇ?" ಎಂದು ಯಜಮಾನ ಕೇಳಿದ.

"ಯಂತ್ರ ಸರಿಯಾಗಿದೆ."

"ನಾನು ನೋಡುತ್ತಲೇ ಇದ್ದೆ ಸ್ವಾಮಿ, ಇಪ್ಪತ್ತಾರೇ ಇತ್ತು" ಎಂದಳು ಹೆಂಗಸು. ಯಾರೂ ನಂಬಲಿಲ್ಲ. ಅವಳನ್ನು ಕೆಲಸದಿಂದ ಬಿಡಿಸಿದರು.

ಅಂದೇ ಇಂಜಿನಿಯರ್ ತಾನು ಬರೆದದ್ದನ್ನು ಅಳಿಸಿದ. ಮುಂದೆ ಅವನು ಮಾಡಿದ ಯಾವ ಯಂತ್ರವೂ ಹಳೆಯ ಅಂಕಿಯನ್ನು ಹೊಸದೆಂದು ತೋರಿಸಲಿಲ್ಲ. ಉತ್ತರ ಬಾರದಿದ್ದರೆ ಹೀಟರ್ ಆರಿಸಿ ಗಂಟೆ ಬಾರಿಸುತ್ತಿತ್ತು. ಈ ವಿಷಯದಲ್ಲಿ ಅವನಷ್ಟು ಎಚ್ಚರದ ಮನುಷ್ಯ ಇಲ್ಲವೆಂದು ಹೆಸರಾಯಿತು. ಹಾಗೆ ಯಾರಾದರೂ ಹೇಳಿದಾಗಲೆಲ್ಲ ಅವನು ಮಾತು ಬದಲಿಸುತ್ತಿದ್ದ.

ಕೆಲವು ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಆ ಹೆಂಗಸು ಸಿಕ್ಕಳು. ಅವನು ಮುಖ ತಿರುಗಿಸುವುದರೊಳಗೆ ಅವಳೇ ಗುರುತು ಹಿಡಿದು ಕೈಮುಗಿದಳು. ಬಂದು ನಿಂತ ಬಸ್ಸನ್ನು ತೋರಿಸಿ, "ಇದು ಚಿಂತಾಮಣಿಗೆ ಹೋಗುವುದೇ, ಸ್ವಲ್ಪ ನೋಡಿ ಹೇಳಿ ಸ್ವಾಮಿ" ಎಂದಳು. ಬೋರ್ಡಿನ ಅಕ್ಷರಗಳು ದೊಡ್ಡವಾಗಿದ್ದವು.

"ನಿಮಗೆ ಓದಲು ಬರುತ್ತದಲ್ಲವೇ?" ಎಂದ ಅವನು.

"ಬರುತ್ತದೆ. ಚಿಂತಾಮಣಿ ಅಂತಲೇ ಕಾಣುತ್ತಿದೆ. ಆದರೆ ನನ್ನ ಕಣ್ಣನ್ನು ನಂಬುವ ಹಾಗಿಲ್ಲ, ನಿಮಗೇ ಗೊತ್ತಲ್ಲ. ಅಷ್ಟು ಜನರ ಹುಳು ನನ್ನಿಂದ ಹಾಳಾಯಿತು."

 ಇಂಜಿನಿಯರ್ ನೆಲ ನೋಡಿದ. ಕಂಡಕ್ಟರ್ ಸೀಟಿ ಊದಿದ.

"ಚಿಂತಾಮಣಿಯದೇ, ಹತ್ತಿ" ಎಂದ. ಅವಳ ಚೀಲವನ್ನು ಎತ್ತಿಕೊಟ್ಟ. ಬಸ್ಸು ಹೊರಟಿತು.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರ, "ಆದರೂ ಅವನು ತನ್ನ ತಪ್ಪನ್ನು ತಿದ್ದಿದ್ದನಲ್ಲ, ಗುರುಗಳೇ?" ಎಂದ.

ಗುರುಗಳು ಹೇಳಿದರು: "ಅದು ಆಕೆಗೆ ಇನ್ನೂ ಗೊತ್ತಿಲ್ಲ."