ಕಳಸಗಿತ್ತಿ ಹೊರಗುಳಿದ ಮದುವೆ

ಬ್ಯಾಡಗಿಯಲ್ಲಿ ಮೈಲಾರಪ್ಪ ಎಂಬ ವಿಡಿಯೋದವನಿದ್ದ. ಮದುವೆಗಳನ್ನು ತಾನೇ ಶೂಟ್ ಮಾಡಿ, ತಾನೇ ಕೂತು ಎಡಿಟ್ ಮಾಡಿ, ಡಿವಿಡಿ ಮಾಡಿಕೊಡುತ್ತಿದ್ದ. ಕೆಟ್ಟವನಲ್ಲ. ಕೆಲಸ ಚೊಕ್ಕ, ಹೇಳಿದ ದಿನಕ್ಕೆ ಕೊಡುವವನು. ಇಂಥವನ ಕೈಯಿಂದಲೇ ಇಂಥದ್ದು ಆಗುತ್ತದೆ ನೋಡಿ. ಕಳ್ಳ ಕದ್ದರೆ ಅದರಲ್ಲೇನು ಕಥೆ?

ಅವನು ಹೊಸದಾಗಿ ಎಚ್‌ಡಿ ಕ್ಯಾಮೆರಾ ತಂದಿದ್ದ ಕಾಲ ಅದು. ಅದರ ಚಿತ್ರ ಅಗಲ, ಮಂಟಪದ ಈ ಕಂಬದಿಂದ ಆ ಕಂಬದವರೆಗೂ ಬರುತ್ತಿತ್ತು. ಆದರೆ ಊರವರ ಮನೆಗಳಲ್ಲಿ ಇನ್ನೂ ಹಳೆಯ ಡಬ್ಬಾ ಟಿವಿ, ಪರದೆ ಹೆಚ್ಚುಕಡಿಮೆ ಚೌಕ. ಅಗಲದ ಚಿತ್ರವನ್ನು ಅದರಲ್ಲಿ ಇಡಿಯಾಗಿ ಕೂರಿಸಿದರೆ ಮೇಲೊಂದು ಕೆಳಗೊಂದು ಕರಿ ಪಟ್ಟಿ ಬೀಳುತ್ತಿತ್ತು. ಮದುವೆಯಂಥ ಶುಭಕಾರ್ಯಕ್ಕೆ ಕರಿ ಪಟ್ಟಿ! ಯಾರು ಒಪ್ಪುತ್ತಾರೆ? ಒಬ್ಬ ಬೀಗರಂತೂ ಅಪಶಕುನ ಎಂದು ಡಿವಿಡಿಯನ್ನು ಅವನ ಮೇಜಿನ ಮೇಲೇ ಬಿಟ್ಟು ಎದ್ದುಹೋಗಿದ್ದರು.

ಅದಕ್ಕೇ ಮೈಲಾರಪ್ಪ ಬೇರೆ ದಾರಿ ಹಿಡಿದ. ದೊಡ್ಡ ಬಟ್ಟೆಯಲ್ಲಿ ರವಿಕೆಗೆ ಬೇಕಾದಷ್ಟೇ ಕತ್ತರಿಸುವ ಹಾಗೆ, ಅಗಲದ ಚಿತ್ರದಲ್ಲಿ ಟಿವಿಗೆ ಬೇಕಾದ ಚೌಕವನ್ನಷ್ಟೇ ಆರಿಸಿಕೊಳ್ಳುವುದು. ಎಚ್‌ಡಿ ಚಿತ್ರ ನಿಚ್ಚಳ. ಕತ್ತರಿಸಿ ಹಿಗ್ಗಿಸಿದರೂ ಡಿವಿಡಿಯಲ್ಲಿ ಮಸುಕಾಗುತ್ತಿರಲಿಲ್ಲ. ಮದುಮಗಳ ಮುಖ ದೊಡ್ಡದಾಗಿ ಬೇಕೇ? ಚೌಕವನ್ನು ಅತ್ತ ಸರಿಸಿದರಾಯಿತು. ಡಿವಿಡಿ ಕೊಟ್ಟ ಮೇಲೆ ಮೂಲ ಚಿತ್ರವನ್ನು ಅಳಿಸಿಬಿಡುತ್ತಿದ್ದ, ಮುಂದಿನ ಮದುವೆಗೆ ಡಿಸ್ಕಿನಲ್ಲಿ ಜಾಗ ಬೇಕಲ್ಲ. ಆ ಕಸುಬಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ.

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದ ದ್ಯಾಮವ್ವ ತನ್ನ ಹಿರಿಮಗಳು ಮಂಜುಳಾಳ ಮದುವೆಗೆ ಇವನನ್ನೇ ಕರೆಸಿದಳು. ಮದುವೆ ಚೆನ್ನಾಗಿಯೇ ಆಯಿತು. ಎಡಿಟಿಂಗಿಗೆ ಮುಂಚೆ ಮೈಲಾರಪ್ಪ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳಿದ, ಕರಿ ಪಟ್ಟಿ ಇರಲೋ, ಟಿವಿ ತುಂಬ ಬರಲೋ ಎಂದು. ಅವಳು ಕೆನ್ನೆ ಬಡಿದುಕೊಂಡು, ಕರಿ ಗಿರಿ ಏನೂ ಬೇಡಪ್ಪ, ತುಂಬಿಕೊಂಡೇ ಬರಲಿ ಎಂದಳು. ಹೊರಟವಳು ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು.

"ಯಾರೂ ಬಿಟ್ಟುಹೋಗೂದಿಲ್ಲಲ್ಲ, ತಮ್ಮಾ?"

"ಬೇಕಾದೋರೆಲ್ಲಾ ಬರ್ತಾರ, ಯವ್ವಾ," ಅಂದ ಮೈಲಾರಪ್ಪ.

ಎರಡೂ ಅಂಚು ಕತ್ತರಿಸಿ ಹೋಗುತ್ತದೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಗೇನು ಬೀಗ ಬಿದ್ದಿತ್ತೋ!

ಆ ಮದುವೆಯಲ್ಲಿ ಕಳಸಗಿತ್ತಿಯಾಗಿದ್ದವಳು ಮಂಜುಳಾಳ ತಂಗಿ ಸುವರ್ಣಾ. ಕಳಸಗಿತ್ತಿ ಎಂದರೆ ಗೊತ್ತಲ್ಲ, ಕೈಯಲ್ಲಿ ಕಳಸ ಹಿಡಿದು ಮದುಮಗಳ ಪಕ್ಕ ಬಿಡದೆ ನಿಲ್ಲುವ ಹುಡುಗಿ. ಈ ಸುವರ್ಣಾಳಿಗೋ ನಗು ತಡೆಯಲು ಆಗುತ್ತಲೇ ಇರಲಿಲ್ಲ. ಅಕ್ಷತೆ ಬಿದ್ದರೆ ನಗು, ಭಾವನ ಬಾಸಿಂಗ ಓರೆಯಾದರೆ ನಗು. ಎಡಿಟ್ ಮಾಡಲು ಕೂತ ಮೈಲಾರಪ್ಪನಿಗೆ ಅದು ಕಿರಿಕಿರಿಯಾಯಿತು. ಮದುಮಗಳ ಮುಖಕ್ಕಿಂತ ಕಣ್ಣು ಆ ಹುಡುಗಿಯ ಕಡೆಗೇ ಹೋಗುತ್ತದಲ್ಲ ಎಂದು ಚೌಕವನ್ನು ಸರಿಸಿದ. ಮುಂದಿನ ಚಿತ್ರದಲ್ಲಿ ಅವಳು ಬಾಗಿ ಚೌಕದೊಳಗೆ ಬಂದಳು. ಇನ್ನಷ್ಟು ಸರಿಸಿದ. ಧಾರೆಯಿಂದ ಆರತಿಯವರೆಗೆ ಹೀಗೇ, ಒಂದೊಂದು ನಗುವನ್ನೂ ಹಿಂದೆ ಮುಂದೆ ಓಡಿಸಿ ನೋಡಿ, ಹುಷಾರಾಗಿ ಹೊರಗೆ ಹಾಕಿದ. ಡಿವಿಡಿ ಅಂದವಾಗಿ ಬಂತು. ದ್ಯಾಮವ್ವನ ಟಿವಿ ಆಗ ಕೆಟ್ಟು ಕೂತಿತ್ತು. ನಿಧಾನಕ್ಕೆ ನೋಡಿದರಾಯಿತು ಎಂದು ಅವಳು ಅದನ್ನು ಟ್ರಂಕಿನಲ್ಲಿಟ್ಟಳು.

ಆ ಮಳೆಗಾಲದಲ್ಲಿ ಸುವರ್ಣಾಳಿಗೆ ಜ್ವರ ಬಂತು. ಡೆಂಗಿ ಎಂದರು. ದಾವಣಗೆರೆಗೆ ಒಯ್ದರು. ಉಳಿಯಲಿಲ್ಲ.

ಕೆಲವು ತಿಂಗಳ ಮೇಲೆ ದ್ಯಾಮವ್ವ ಡಿವಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದಳು. ಟಿವಿ ರಿಪೇರಿಯಾಗಿತ್ತು, ಹಾಕಿ ನೋಡಿದ್ದಳು. ಮಂಜುಳಾಳ ಪಕ್ಕದಲ್ಲಿ ಅರ್ಧ ಕಳಸ ಕಾಣುತ್ತದೆ, ಬಳೆ ತೊಟ್ಟ ಒಂದು ಕೈ ಕಾಣುತ್ತದೆ, ನಕ್ಕದ್ದು ಕೇಳುತ್ತದೆ, ಮುಖ ಮಾತ್ರ ಎಲ್ಲೂ ಇಲ್ಲ ಎಂದಳು. ಉಳಿದದ್ದನ್ನು ಕೊಡು ಎಂದಳು. ಫೋಟೋ ಇರಬೇಕಲ್ಲ ಎಂದು ಮೈಲಾರಪ್ಪ ತೊದಲಿದ.

"ಐತಿ, ತಮ್ಮಾ. ಫೋಟೋದಾಗ ಸುಮ್ನ ನಿಂತಾಳ. ನಮ್ಮ ಹುಡುಗಿ ಒಂದು ದಿವಸನೂ ಹಂಗ ಸುಮ್ನ ನಿಂತಾಕಿ ಅಲ್ಲ."

ಅವನು ನೆಲ ನೋಡುತ್ತಾ, ಅದು ಹೋಯಿತು, ಅಳಿಸಿಬಿಟ್ಟೆ ಎಂದ. ದ್ಯಾಮವ್ವನಿಗೆ ಅದು ತಲೆಗೆ ಹೋಗಲಿಲ್ಲ. ಸಿಂಪಿಗ ಕೂಡ ರವಿಕೆ ಹೊಲಿದು ಉಳಿದ ತುಂಡನ್ನು ತಿರುಗಿ ಕೊಡುತ್ತಾನೆ, ನೀನೂ ಎಲ್ಲೋ ಇಟ್ಟಿರುತ್ತೀಯ, ಹುಡುಕು ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತಳು. ಅವನು ಸುಳ್ಳೇ ಡಿಸ್ಕು ತೆರೆದು ಹುಡುಕಿದ. ಬೇರೆ ಬೇರೆ ಮದುವೆಗಳು ಬಂದವು, ಬೇರೆ ಮನೆಯ ಕಳಸಗಿತ್ತಿಯರು ಬಂದರು. ಸುವರ್ಣಾ ಎಲ್ಲಿಂದ ಬರಬೇಕು? ಹೊತ್ತು ಹೋದ ಮೇಲೆ ಆ ತಾಯಿ ಮೆಲ್ಲಗೆ ಕೇಳಿದಳು.

"ಹೋಗ್ಲಿ ಬಿಡು. ನೀ ಆದ್ರೂ ನೋಡೀಯಲ್ಲ? ಅಕ್ಷತಿ ಬಿದ್ದಾಗ ಹೆಂಗ ನಕ್ಕಳು, ಅಷ್ಟ ಹೇಳು."

ಆ ನಗುವನ್ನು ಅವನಷ್ಟು ಸಲ ನೋಡಿದವರು ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಮೈಲಾರಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಎಲ್ಲಿ ಎಷ್ಟು ಸರಿಸಿದೆ ಎಂಬುದು ಚಾಚೂ ತಪ್ಪದೆ ನೆನಪಾಯಿತು. ಮುಖ ಬರಲಿಲ್ಲ. ಅವನು ನೋಡಿದ್ದು ತೆಗೆಯುವುದಕ್ಕೆ, ನೋಡುವುದಕ್ಕಲ್ಲ. ಇಲ್ಲವೆಂದು ತಲೆಯಾಡಿಸಿದ. ದ್ಯಾಮವ್ವ ಸ್ಟೂಲಿನಿಂದ ಎದ್ದಳು. ಆಮೇಲೆ ಡಿವಿಡಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಒಂದು ಬೈಗುಳ ಬೈದಿದ್ದರೂ ಅವನಿಗೆ ಹಗುರಾಗುತ್ತಿತ್ತು.

ಅಂದಿನಿಂದ ಮೈಲಾರಪ್ಪ ಯಾವ ಮದುವೆಯನ್ನೂ ಅಳಿಸಲಿಲ್ಲ. ಡಿಸ್ಕುಗಳು ಕಪಾಟು ತುಂಬಿದವು. ಅದರಿಂದ ದ್ಯಾಮವ್ವನಿಗೆ ಬಂದದ್ದೇನು? ಅವಳು ಈಗಲೂ ಡಿವಿಡಿ ಹಾಕಿಕೊಂಡು ಟಿವಿಯ ಅಂಚಿನ ಹತ್ತಿರ ಕೂರುತ್ತಾಳೆ, ಆ ಬಳೆಯ ಕೈ ಬರುವ ಕಡೆ.

ನೀತಿ: ಬೇಕಾದವರು ಯಾರು, ಬೇಡದವರು ಯಾರು ಎಂದು ಇನ್ನೊಬ್ಬರ ಪರವಾಗಿ ನೀವು ತೀರ್ಮಾನಿಸಬೇಡಿ. ಕತ್ತರಿಸುವ ಮುಂಚೆ ಏನು ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಿ, ಕತ್ತರಿಸಿದ ಮೇಲೆ ತುಂಡನ್ನು ಎತ್ತಿಡಿ. ಹೋದದ್ದನ್ನು ಪಶ್ಚಾತ್ತಾಪ ತಂದುಕೊಡುವುದಿಲ್ಲ.