ಸುಣ್ಣ ಸೋಕಿದರೆ ಅರಿಸಿನ ಯಾಕೆ ಕೆಂಪಾಗುತ್ತದೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಸಮುದ್ರದ ದಾರಿ ನದಿಗೆ ಆಗಷ್ಟೇ ಸಿಕ್ಕಿತ್ತು. ಆಗ ಅರಿಸಿನ ಬರೀ ಹಳದಿ; ಏನು ಸೋಕಿದರೂ ಹಳದಿ. ಬಾಯಿಲ್ಲದ್ದು ಪಾಪ, ಯಾರ ಸುದ್ದಿಗೂ ಹೋಗುತ್ತಿರಲಿಲ್ಲ.

ಆ ನದಿ ಸಮುದ್ರ ಸೇರುವಲ್ಲಿ ಹೊನ್ನಿ ಎಂಬ ಹೆಂಗಸಿದ್ದಳು. ಚಿಪ್ಪು ಸುಟ್ಟು ಸುಣ್ಣ ಮಾಡುವುದು ಅವಳ ಕಸುಬು. ಒಬ್ಬಳೇ ಮಗಳು, ಬೀರಿ. ನಿನ್ನಷ್ಟೇ ಎತ್ತರ, ನಿನ್ನ ಹಾಗೆಯೇ ಹೇಳಿದ ಮಾತು ಕೇಳದವಳು.

ಚಿಪ್ಪು ಅಂದರೆ ಏನಂದುಕೊಂಡೆ? ಅದೊಂದು ಮನೆ. ಒಳಗಿದ್ದ ಜೀವವನ್ನು ನಾವು ಸಾರು ಮಾಡಿ ತಿಂದೆವು, ಮನೆ ಖಾಲಿ ಉಳಿಯಿತು. ಅದಕ್ಕೇ ಚಿಪ್ಪು ಸುಡುವವರು ಬೆಂಕಿ ಇಡುವ ಮೊದಲು ಕೈಮುಗಿದು, "ಖಾಲಿ ಮಾಡಿದ್ದು ತಪ್ಪಾಯ್ತು" ಎನ್ನಬೇಕು. ಆವತ್ತು ಹೊನ್ನಿಗೆ ಎಲ್ಲಿಲ್ಲದ ಅವಸರ. ಕೈಮುಗಿಯಲೇ ಇಲ್ಲ.

ಬೆಂದ ಚಿಪ್ಪನ್ನು ಮಡಕೆಗೆ ತುಂಬಿ ನೀರು ಹೊಯ್ದಳು. ಕೆಳಗೆ ಒಲೆಯಿಲ್ಲ, ಆದರೂ ನೀರು ಕೊತಕೊತ ಕುದಿಯಿತು. ಆವಿಯೊಳಗಿಂದ ಯಾರೋ ಪಿಸುಗುಟ್ಟಿದರು. "ಖಾಲಿ... ಖಾಲಿ..."

"ಏ ಗಾಳಿ, ಸುಮ್ಮನಿರು" ಎಂದಳು ಹೊನ್ನಿ.

"ಅದು ನಾನಲ್ಲ" ಎಂದಿತು ಗಾಳಿ. ಎಂದದ್ದೇ, ಅಲ್ಲಿಂದ ಹೊರಟೇಹೋಯಿತು. ಆಮೇಲೆ ಒಂದು ಎಲೆಯೂ ಅಲುಗಲಿಲ್ಲ.

ಮಟಮಟ ಮಧ್ಯಾಹ್ನದ ಹೊತ್ತಿಗೆ ಸುಣ್ಣ ತಳಕ್ಕೆ ಇಳಿಯಿತು. ಮೇಲೆ ನಿಂತದ್ದು ತಿಳಿನೀರು. ಕುಡಿಯುವ ನೀರಿನ ಮಡಕೆಯೂ ಪಕ್ಕದಲ್ಲೇ ಇತ್ತು. ನೋಡಿದರೆ ಎರಡೂ ಒಂದೇ. ಹೊನ್ನಿ ಚಿಪ್ಪು ಆರಿಸಲು ನದಿಗೆ ಇಳಿದಳು.

ಅರಿಸಿನ ಕುಟ್ಟುತ್ತಿದ್ದ ಬೀರಿಗೆ ಬಾಯಾರಿತು. ಎದ್ದು ಬಂದಳು.

"ಬಾ ಮಗಾ" ಎಂದಿತು ಸುಣ್ಣದ ಮಡಕೆ. ದನಿ ಥೇಟು ಅವಳ ಅಮ್ಮನದೇ. "ಬಾಯಾರಿತಾ? ಕುಡಿ. ಕುಡಿದು ನನ್ನೊಳಗೇ ಇದ್ದುಬಿಡು."

ಬೀರಿ ಬಗ್ಗಿ ನೋಡಿದಳು. ನೀರಿನಲ್ಲಿ ಅವಳದೇ ಮುಖ. ಬೀರಿ ನಗುತ್ತಿರಲಿಲ್ಲ. ನೀರಿನೊಳಗಿನ ಮುಖ ನಗುತ್ತಿತ್ತು.

ಬೊಗಸೆ ತುಂಬಿಕೊಂಡಳು. ಅಂಗೈಗೆ ಮೆತ್ತಿದ್ದ ಅರಿಸಿನಕ್ಕೆ ಜೀವವೇ ಹಾರಿಹೋದಂತಾಯಿತು. ತನ್ನನ್ನು ಕುಟ್ಟಿದ್ದು ಈ ಕೈ, ಆದರೂ ಮಗುವಿನ ಕೈ. ಕೂಗೋಣವೆಂದರೆ ಬಾಯಿಲ್ಲ. ಇದ್ದದ್ದು ಒಂದು ಬಣ್ಣ ಮಾತ್ರ. ಬೊಗಸೆ ತುಟಿಯ ಹತ್ತಿರ ಬಂತು, ಅರಿಸಿನ ಆ ಬಣ್ಣವನ್ನೇ ತಿರುಗಿಸಿಬಿಟ್ಟಿತು. ಬೊಗಸೆ ತುಂಬ ರಕ್ತಗೆಂಪು!

"ಅಮ್ಮಾ!" ಬೀರಿ ನೀರು ಚೆಲ್ಲಿ ಕಿರುಚಿದಳು.

ಹೊನ್ನಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು. "ಎಂತ ಆಯ್ತೆ? ಎಲ್ಲಿ ಕುಯ್ಕೊಂಡೆ?" ಕೈ ತಿರುಗಿಸಿ ನೋಡಿದರೆ ಗಾಯವಿಲ್ಲ. ಅದು ಸುಣ್ಣದ ಮಡಕೆಯ ನೀರೆಂದು ಆಗ ತಿಳಿಯಿತು. ಕುಡಿದಿದ್ದರೆ ಮಗಳ ಗಂಟಲು ಸುಟ್ಟುಹೋಗುತ್ತಿತ್ತು. ಒಳ್ಳೆಯ ನೀರಲ್ಲಿ ಆ ಪುಟ್ಟ ಕೈಗಳನ್ನು ತೊಳೆದಳು, ಮತ್ತೆ ತೊಳೆದಳು. ಕೆಂಪು ಬಿಡಲಿಲ್ಲ.

ದಡದ ಲಿಂಬೆಗಿಡ ಬಗ್ಗಿತು. "ನನ್ನ ಹುಳಿ ಹಿಂಡು. ಸುಣ್ಣದ ಸಿಟ್ಟಿಗೆ ಅದೇ ಸಮಾಧಾನ."

ಹಿಂಡಿದಳು. ಕೆಂಪು ಕರಗಿ ಹಳದಿ ಮರಳಿತು. ಆದರೂ ಮಡಕೆ ಪಿಸುಗುಟ್ಟುತ್ತಲೇ ಇತ್ತು. "ಖಾಲಿ... ಖಾಲಿ..."

ಹೊನ್ನಿ ಮಗಳನ್ನು ಅವಚಿಕೊಂಡು ಕೈಮುಗಿದಳು. "ತಪ್ಪಾಯ್ತು. ನಿಮ್ಮನ್ನ ನಮ್ಮ ಗೋಡೆಗೆ ಹಚ್ತೇನೆ. ಒಳಗೆ ನಾವೇ ಇರ್ತೇವೆ. ನಿಮ್ಮ ಮನೆ ಖಾಲಿ ಇರೂದಿಲ್ಲ. ನನ್ನ ಮಗಳನ್ನ ಬಿಟ್ಟುಬಿಡಿ."

ಪಿಸುಮಾತು ನಿಂತಿತು. ಗಾಳಿ ಮೆಲ್ಲಗೆ ಮರಳಿ ಬಂತು.

ಅಂದಿನಿಂದ ಮನೆಗೆ ಸುಣ್ಣ ಬಳಿಯುತ್ತಾರೆ. ಸುಣ್ಣಕ್ಕೆ ಸಮಾಧಾನವಾಯಿತು, ಅದರೊಳಗೆ ನಾವಿದ್ದೇವಲ್ಲ. ಆದರೆ ಅರಿಸಿನ ಮಾತ್ರ ಅದನ್ನು ಇವತ್ತಿಗೂ ನಂಬಿಲ್ಲ. ಅರಿಸಿನದ ಕೈಯನ್ನು ಹೊಸ ಸುಣ್ಣದ ಗೋಡೆಗೆ ಒರಸಬೇಡ ಎಂದು ಬಡಕೊಂಡೆ, ಕೇಳಿದೆಯಾ? ಈಗ ತಿರುಗಿ ನೋಡು ಮಗಾ, ನಿನ್ನ ಐದು ಹಳದಿ ಬೆರಳೂ ಗೋಡೆಯ ಮೇಲೆ ಕೆಂಪಾಗುತ್ತಿವೆ.