ಪಚ್ಚೆ ಊಟಕ್ಕೆ ಕರೆದರೆ ಯಾರೂ ಬರಲಿಲ್ಲ

ಮೊದಲು ಒಂದು ಒಗಟು. ಬಡಿಸಿದಷ್ಟೂ ಮನೆ ಖಾಲಿಯಾಯಿತು, ಕರೆದಷ್ಟೂ ನೆಂಟರು ಓಡಿದರು. ಯಾರ ಮನೆ?

ನಿಮ್ಮ ಚಿಕ್ಕಮ್ಮನ ಮನೆ ಅನ್ನಬೇಡಿ. ಅವರ ಉಪ್ಪಿಟ್ಟು ಅಷ್ಟೇನೂ ಕೆಟ್ಟದಾಗಿರಲ್ಲ. ತಲೆ ಕೆರೆದುಕೊಂಡರೂ ನಿಮಗೆ ಉತ್ತರ ಸಿಗಲ್ಲ, ಯಾಕಂದರೆ ಆ ಮನೆಗೆ ಹೋಗಿ ಬಂದವರು ಯಾರೂ ಈಗ ಮೇಲೆ ಓಡಾಡುತ್ತಿಲ್ಲ. ಸೋತೆ ಅಂತ ಒಪ್ಪಿಕೊಂಡು ಕೂತ್ಕೊಳ್ಳಿ, ಹೇಳ್ತೀನಿ.

ಭೂಮಿಯ ಬಿಸಿ ಆಗ ತಾನೇ ಆರಿತ್ತು. ಮರ ಇರಲಿಲ್ಲ, ಮರ ಹತ್ತುವ ಕೋತಿ ಇರಲಿಲ್ಲ, ಕೋತಿ ಅಂತ ಬೈಸಿಕೊಳ್ಳುವ ನಾವೂ ಇರಲಿಲ್ಲ. ನೆಲ ಅಂದರೆ ಬರೀ ಬಂಡೆ. ಸೂರ್ಯ ಇದ್ದ, ಸಮುದ್ರ ಇತ್ತು, ಗಾಳಿ ಇತ್ತು. ಆದರೆ ಈಗ ನಾವು ಎಳೆದುಕೊಳ್ಳುವ ಗಾಳಿಯಲ್ಲ. ಮಂಕು ಹಿಡಿದಂಥ ಗಾಳಿ. ಮಂಕುಗಾಳಿ ಅಂತಲೇ ಅದರ ಹೆಸರು.

ಸಮುದ್ರದೊಳಗೆ ಚಿಕ್ಕ ಚಿಕ್ಕ ಜೀವಗಳಿದ್ದವು. ಎಷ್ಟು ಚಿಕ್ಕವು ಅಂದರೆ ಒಂದು ಸಾಸಿವೆ ಕಾಳಿನ ಮೇಲೆ ಒಂದು ಊರೇ ಕೂರಬಹುದು, ಊರಿನ ಜಗಳಕ್ಕೂ ಜಾಗ ಮಿಗುತ್ತದೆ.

ಅಲ್ಲಿ ಗಂಧಕವ್ವ ಅಂತ ಒಬ್ಬ ಮುದುಕಿ. ಬಿಸಿನೀರಿನ ಬುಗ್ಗೆ ಪಕ್ಕ ಕೂತು ಗಂಧಕ ಮೆಲ್ಲುತ್ತಿದ್ದಳು. ಪಟಾಕಿ ಹೊಡೆದ ಮೇಲೆ ಮೂಗಿಗೆ ಹೊಡೆಯುತ್ತಲ್ಲ, ಆ ವಾಸನೆಯ ಪದಾರ್ಥ ಅವಳಿಗೆ ಕಡಲೆಪುರಿ ಇದ್ದ ಹಾಗೆ. ಅವಳ ಪಕ್ಕದಲ್ಲೇ ಹಸಿರು ಬಣ್ಣದ ಒಬ್ಬ ಪುಟ್ಟಿ. ಅವಳು ಪಚ್ಚೆ. ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ಲ. ಗಂಧಕವ್ವನ ಎಂಜಲು ತಿಂದೇ ಬೆಳೆದವಳು.

ಆ ಸಮುದ್ರದಲ್ಲಿ ಒಂದು ಪದ್ಧತಿ ಇತ್ತು. ಒಬ್ಬರೇ ಉಣ್ಣಬಾರದು. ತುತ್ತು ಬಾಯಿಗಿಡುವ ಮೊದಲು ಮೂರು ಸಲ ಕೂಗಿ ನೆರೆಯವರನ್ನು ಕರೆಯಬೇಕು. ಉಣ್ಣಲು ಬಂದವರು ಏನೇ ಆದರೂ "ಚೆನ್ನಾಗಿದೆ" ಅನ್ನಬೇಕು. ಮಾಡಿದವರ ಮನಸ್ಸು ನೋಯಿಸಬಾರದು.

ಒಳ್ಳೆಯ ಪದ್ಧತಿ. ಇದರಿಂದಲೇ ಎಲ್ಲ ಹಾಳಾಯಿತು.

ಒಂದು ದಿನ ಬುಗ್ಗೆ ಬತ್ತುತ್ತಾ ಬಂತು. ಗಂಧಕವ್ವನಿಗೇ ಸಾಲದು, ಇನ್ನು ಎಂಜಲೆಲ್ಲಿ? ಪಚ್ಚೆ ಹಸಿದುಕೊಂಡು ಮೇಲೆ ಮೇಲೆ ತೇಲಿ ಬಂದಳು.

"ಯಾರಮ್ಮ ನೀನು?" ಅಂದ ಸೂರ್ಯ.

"ಪಚ್ಚೆ. ಹೊಟ್ಟೆ ಹಸೀತಿದೆ ಸೂರ್ಯಪ್ಪ."

"ನನ್ನ ಹತ್ರ ಬಿಸಿಲು ಬಿಟ್ರೆ ಏನೂ ಇಲ್ವಲ್ಲ ಮಗ."

"ಅದನ್ನೇ ಕೊಡಿ. ಇಲ್ಲ ಅನ್ನೋರ ಮನೆಗಿಂತ ವಾಸಿ."

ಸೂರ್ಯ ನಕ್ಕು ಕೊಟ್ಟ. ಪಚ್ಚೆ ಒಂದು ಗುಟುಕು ನೀರು ಕುಡಿದಳು. ಒಂದು ಬೊಗಸೆ ಮಂಕುಗಾಳಿ ಎಳೆದಳು. ಎರಡನ್ನೂ ಸೇರಿಸಿ, ಬಿಸಿಲನ್ನೇ ದಾರದ ಹಾಗೆ ಸುತ್ತಿ, ಬಿಗಿಯಾಗಿ ಒಂದು ಗಂಟು ಕಟ್ಟಿದಳು. ನೆಕ್ಕಿ ನೋಡಿದರೆ ಸಿಹಿ! ಅದು ಲೋಕದ ಮೊದಲ ಸಕ್ಕರೆ. ಸ್ಕೂಲಿನಲ್ಲಿ ಈ ಅಡುಗೆಗೆ ದೊಡ್ಡ ಹೆಸರಿದೆ. ಆ ಪಾಠದ ದಿನ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು, ಅಲ್ಲಿಂದ ಬೋರ್ಡು ಚೆನ್ನಾಗಿಯೇ ಕಾಣುತ್ತಿತ್ತು: ದ್ಯುತಿಸಂಶ್ಲೇಷಣೆ.

ಅಡುಗೆ ಆದ ಮೇಲೆ ಸ್ವಲ್ಪ ಗಾಳಿ ಮಿಕ್ಕಿತು. ಹೊಸ ಥರದ ಗಾಳಿ, ಚುರುಕು ಚುರುಕು. ಬಾಳೆಹಣ್ಣಿನ ಸಿಪ್ಪೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತೀವಲ್ಲ, ಹಾಗೆ ಆ ಚುರುಕುಗಾಳಿಯನ್ನು ಒಂದು ಗುಳ್ಳೆ ಮಾಡಿ ಆಚೆ ಬಿಟ್ಟಳು. ಮೇಷ್ಟ್ರು ಅದನ್ನು ಆಮ್ಲಜನಕ ಅಂತಾರೆ. ಪಚ್ಚೆಗೆ ಅದು ಬರೀ ಸಿಪ್ಪೆ.

ಆಮೇಲೆ ಪದ್ಧತಿಯ ಪ್ರಕಾರ ಮೂರು ಸಲ ಕೂಗಿದಳು.

"ಬನ್ನಿ, ಊಟಕ್ಕೆ ಬನ್ನಿ! ಎಲೆ ಹಾಕಿದೀನಿ, ಬನ್ನಿ!"

ಆಗ ಎಲೆಯೇ ಹುಟ್ಟಿರಲಿಲ್ಲವಲ್ಲ ಅಂತ ನನ್ನನ್ನು ಕೇಳಬೇಡಿ. ಕೂಗಿದಳು, ಅಷ್ಟೇ.

ಎಲ್ಲರೂ ಬಂದರು. ಗಂಧಕವ್ವ ಮುಂದಿನ ಸಾಲಿನಲ್ಲಿ ಕೂತಳು. ಗಂಟನ್ನು ಪೂರ್ತಿ ಬಿಚ್ಚಲು ಅವಳಿಗೆ ಬರುತ್ತಿರಲಿಲ್ಲ. ಒಂದು ಎಳೆ ಕಿತ್ತು ತಿಂದು ಉಳಿದಿದ್ದನ್ನು ಬಿಟ್ಟಳು. ಅಷ್ಟರಲ್ಲಿ ಚುರುಕುಗಾಳಿಯ ಗುಳ್ಳೆ ಅವಳ ಮೈಗೆ ತಾಗಿತು. ಬೆಂಕಿ ತಾಗಿದ ಹಾಗಾಯಿತು.

"ಹೇಗಿದೆ ಅವ್ವ?" ಅಂತ ಪಚ್ಚೆ ಕೇಳಿದಳು.

"ಚೆನ್ನಾಗಿದೆ ಕಣೇ ಮಗಳೇ," ಅಂದಳು ಗಂಧಕವ್ವ, ಮೈ ಉರಿಯುವುದನ್ನು ತೋರಿಸಿಕೊಳ್ಳದೆ.

ಮಾರನೇ ದಿನವೂ ಪಚ್ಚೆ ಕೂಗಿದಳು. ಅದರ ಮಾರನೇ ದಿನವೂ ಕೂಗಿದಳು. ಮೊದಮೊದಲು ನೀರಲ್ಲಿ ಕರಗಿದ್ದ ಕಬ್ಬಿಣ ಆ ಚುರುಕುಗಾಳಿಯನ್ನು ನುಂಗಿ, ತುಕ್ಕು ಹಿಡಿದು, ಕೆಂಪಗಾಗಿ ತಳಕ್ಕೆ ಕೂತಿತು. ಕಬ್ಬಿಣ ಎಷ್ಟು ದಿನ ನುಂಗೀತು? ಅದೂ ಮುಗಿಯಿತು. ಗುಳ್ಳೆಗಳು ಇದ್ದಲ್ಲೇ ಉಳಿದವು.

ನೆಂಟರು ಕಡಿಮೆಯಾದರು.

"ಇವತ್ತು ಬೇಡಮ್ಮ, ಈಗ ತಾನೇ ಆಯ್ತು."

"ಹೊಟ್ಟೆ ಸರಿಯಿಲ್ಲ ಪಚ್ಚೆ, ಇನ್ನೊಂದು ಸಲ ಬರ್ತೀನಿ."

"ಅಯ್ಯೋ, ನಿನ್ನ ಅಡುಗೆ ಅಂದ್ರೆ ನನಗೆ ಪ್ರಾಣ! ಆದ್ರೆ ಇವತ್ತು ಉಪವಾಸ."

ಒಬ್ಬರಾದರೂ ನಿಜ ಹೇಳಬೇಕಲ್ಲ? ಹೇಳಲಿಲ್ಲ. ಪಚ್ಚೆ ಪಾಪ, ಸಿಹಿ ಕಡಿಮೆ ಆಯಿತೇನೋ ಅಂದುಕೊಂಡಳು. ಎರಡು ಪಟ್ಟು ಅಡುಗೆ ಮಾಡಿದಳು. ಎರಡು ಪಟ್ಟು ಚುರುಕುಗಾಳಿ ಹೋಯಿತು. ಇನ್ನೂ ನಾಲ್ಕು ಜನ ಓಡಿದರು. ಬಡಿಸುವ ಕೈ ಸಣ್ಣದಾಯಿತೇನೋ ಅಂದುಕೊಂಡಳು. ನಾಲ್ಕು ಪಟ್ಟು ಮಾಡಿದಳು.

ಒಂದು ದಿನ ಮೂರು ಸಲ ಕೂಗಿ ನೋಡಿದರೆ ಸಾಲಿನಲ್ಲಿ ಯಾರೂ ಇಲ್ಲ. ಸಮುದ್ರ ತಿಳಿಯಾಗಿ, ನೀಲಿಯಾಗಿ, ಖಾಲಿಯಾಗಿ ಹರಡಿಕೊಂಡಿತ್ತು.

"ಯಾರಾದ್ರೂ ಇದ್ದೀರಾ?"

"ಇದ್ದೀರಾ," ಅಂದಿತು ಅಲೆ.

"ಬಾ ಅಲೆಯಕ್ಕ, ನೀನಾದ್ರೂ ಉಣ್ಣು."

"ನಾನು ಉಣ್ಣೋಳಲ್ಲ ಪುಟ್ಟಿ. ನೀನು ಕೂಗಿದ್ದನ್ನ ನಿನಗೇ ವಾಪಸ್ ಕೊಟ್ಟೆ, ಅಷ್ಟೇ."

ಪಚ್ಚೆ ಹುಡುಕಿಕೊಂಡು ಕೆಳಗಿಳಿದಳು. ಬುಗ್ಗೆಯ ಹತ್ತಿರ ಯಾರೂ ಇಲ್ಲ. ಬಂಡೆಯ ಸಂದಿಯಲ್ಲೂ ಇಲ್ಲ. ತಳದ ಕಪ್ಪು ಕೆಸರಿನ ಒಳಗಿಂದ ಒಂದು ಕೆಮ್ಮು ಕೇಳಿಸಿತು.

"ಅವ್ವಾ? ನೀನೇನಾ? ಅಲ್ಲೇನು ಮಾಡ್ತಿದೀಯ?"

"ಅಲ್ಲೇ ನಿಲ್ಲು! ಹತ್ರ ಬರಬೇಡ ಕಣೇ!"

ಪಚ್ಚೆ ನಿಂತಳು. "ನಾನೇನು ತಪ್ಪು ಮಾಡಿದೆ?"

ಗಂಧಕವ್ವ ಕೆಸರಿನೊಳಗಿಂದಲೇ ಹೇಳಿದಳು: "ಅಡುಗೆ ಚೆನ್ನಾಗಿಲ್ಲ ಅಂತಲ್ಲ ತಾಯಿ. ನಿನ್ನ ಅಡುಗೆಯಿಂದ ಬರೋ ಗಾಳಿ ನಮ್ಮನ್ನ ಸುಡುತ್ತೆ. ಎಲ್ಲರೂ ಇಲ್ಲೇ ಇದೀವಿ. ಮೇಲೆ ಬರೋ ಹಾಗಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ಉಂಡ ಮನೇಲಿ ಹೇಗೇ ಹೇಳೋದು?"

"ಇನ್ನು ಮಾಡಲ್ಲ," ಅಂದಳು ಪಚ್ಚೆ. "ಇವತ್ತಿಂದ ಅಡುಗೆ ಬಂದ್."

ಹೋಗಿ ಒಂದು ದೊಡ್ಡ ಬಂಡೆಯ ನೆರಳಲ್ಲಿ ಕೂತಳು. ಒಂದು ದಿನ ಕೂತಳು, ಮೈ ಸಡಿಲವಾಯಿತು. ಎರಡು ದಿನ ಕೂತಳು, ಬಣ್ಣ ಹೋಯಿತು. ಮೂರನೇ ದಿನ ಹಸಿರೆಲ್ಲ ಇಳಿದು ಬಿಳಿಚಿಕೊಂಡಳು. "ಎಲ್ಲಿ ಹೋದ್ಯೇ?" ಅಂತ ಸೂರ್ಯ ಮೇಲಿಂದ ಕೂಗಿದರೂ ಉತ್ತರ ಕೊಡುವ ಶಕ್ತಿ ಇರಲಿಲ್ಲ.

ಕೆಸರಿನೊಳಗಿಂದ ಗಂಧಕವ್ವ ಕಿರುಚಿದಳು. "ಏ ಪೆದ್ದಿ! ಎದ್ದು ಮೇಲೆ ಹೋಗು! ನೀನು ಸತ್ರೆ ನಮಗೇನು ಹಬ್ಬಾನಾ?"

"ಮೇಲೆ ಒಬ್ಬಳೇ ಅವ್ವ."

"ಗೊತ್ತು ಕಣೇ. ಆದ್ರೂ ಹೋಗು. ಮೇಲೆ ನೀನಿದೀಯ ಅಂತ ಗೊತ್ತಿದ್ರೆ ನನಗೆ ಈ ಕತ್ತಲೆ ಇಷ್ಟು ಕತ್ತಲೆ ಅನ್ನಿಸಲ್ಲ."

ಪಚ್ಚೆ ತೆವಳಿಕೊಂಡು ಬಿಸಿಲಿಗೆ ಹೋದಳು. ಒಂದೇ ಒಂದು ಗಂಟು ಕಟ್ಟಿದಳು. ಕೂಗಲಿಲ್ಲ. ಸುಮ್ಮನೆ ಕೂತು ಉಂಡಳು. ಆ ಸಮುದ್ರದಲ್ಲಿ ಕೂಗದೇ ಉಂಡವರಲ್ಲಿ ಅವಳೇ ಮೊದಲಿಗಳು.

ಹಾಗೆ ಎಷ್ಟು ಕಾಲ ಕಳೆಯಿತು? ಲೆಕ್ಕದ ಪೀರಿಯಡ್ ಎಷ್ಟು ಉದ್ದ ಇರುತ್ತೆ ಗೊತ್ತಲ್ಲ? ಅಂಥ ಸಾವಿರ ಕೋಟಿ ಪೀರಿಯಡ್, ಮಧ್ಯೆ ಒಂದು ಬೆಲ್ಲೂ ಇಲ್ಲದೆ. ಅವಳ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಸಾಲದ್ದಕ್ಕೆ ಮಂಕುಗಾಳಿಯೂ ತೆಳುವಾಗುತ್ತಾ ಬಂತು. ಬಿಸಿಲಿದೆ, ನೀರಿದೆ, ಹಾಕಲು ಮಂಕುಗಾಳಿ ಇಲ್ಲ. ಉಸಿರು ಬಿಡುವವರೆಲ್ಲ ಕೆಸರು ಸೇರಿದ ಮೇಲೆ ಅದು ಎಲ್ಲಿಂದ ಬರಬೇಕು?

ಇನ್ನೆರಡು ದಿನಕ್ಕೆ ಆಗುವಷ್ಟಿದೆ ಅನ್ನುವಾಗ ಡೊಳ್ಳ ಬಂದ.

ಡೊಳ್ಳ ಅಂದರೆ ಮೈಯೆಲ್ಲ ಹೊಟ್ಟೆ. ಪಚ್ಚೆಯಂಥವರು ನೂರು ಜನ ಒಳಗೆ ಕೂರಬಹುದು. ಎದುರಿಗೆ ಬಂದವರನ್ನು ನುಂಗುವುದೇ ಅವನ ಕೆಲಸ. ಅವನಿಗೆ ಚುರುಕುಗಾಳಿ ಸುಡುತ್ತಿರಲಿಲ್ಲ. ಯಾಕೆ ಅಂತ ಪಚ್ಚೆ ಬೆರಗಾಗಿ ನೋಡುತ್ತಿರುವಾಗಲೇ ಅವನು ಬಾಯಿ ತೆಗೆದ.

"ನುಂಗ್ತೀನಿ."

"ನುಂಗೋ ಮೊದಲು ಬೇಗ ಕೇಳೋ, ಯಾರು ಅಂತ!" ಅಂದಿತು ಇನ್ನೊಂದು ದನಿ. ಅದು ಡೊಳ್ಳನ ಹೊಟ್ಟೆಯೊಳಗಿಂದ ಬಂತು.

ಪಚ್ಚೆ ಓಡುವುದನ್ನೇ ಮರೆತಳು. "ಒಳಗೆ ಮಾತಾಡ್ತಿರೋದು ಯಾರು?"

"ಅವನಾ? ಕಿಡಿಯ," ಅಂದ ಡೊಳ್ಳ ಬೇಜಾರಿನಲ್ಲಿ. "ಒಂದ್ಸಲ ನುಂಗಿದ್ದೆ, ಅರಗಲಿಲ್ಲ. ಈಗ ಮನೆ ಅಳಿಯನ ಥರ ಕೂತಿದಾನೆ."

"ನಾನಿಲ್ದೇ ಹೋಗಿದ್ರೆ ನೀನು ಒಂದು ಗೇಣು ತೆವಳ್ತಿರಲಿಲ್ಲ, ಈ ಗಾಳೀಲಿ ಸುಟ್ಟು ಸೀದು ಹೋಗ್ತಿದ್ದೆ," ಅಂದ ಕಿಡಿಯ. "ಅಕ್ಕ, ಇಲ್ಲಿ ಗಾಳಿ ಭರ್ಜರಿಯಾಗಿದೆ! ಯಾರು ಮಾಡಿದ್ದು?"

ಪಚ್ಚೆ ಹಿಂದಕ್ಕೆ ಸರಿದಳು. "ನಾನೇ. ತಪ್ಪಾಯ್ತು. ಸುಡ್ತಿದೆಯಾ?"

"ಸುಡೋದಾ! ಇದು ಇದ್ರೇನೇ ನನಗೆ ಗಂಟು ಬಿಚ್ಚೋಕಾಗೋದು. ತಿನ್ನೋಕೆ ಏನಾದ್ರೂ ಇದೆಯಾ?"

ಪಚ್ಚೆ ಒಂದು ಸಕ್ಕರೆಗಂಟನ್ನು ಡೊಳ್ಳನ ಬಾಯಿಗೆ ಹಾಕಿದಳು. ಕಿಡಿಯ ಅದನ್ನು ಚುರುಕುಗಾಳಿಯಲ್ಲಿ ಅದ್ದಿ ಬಿಚ್ಚಿದ. ಗಂಧಕವ್ವನ ಹಾಗೆ ಒಂದೆಳೆ ಅಲ್ಲ, ಪೂರ್ತಿ, ಕೊನೆಯ ಎಳೆಯವರೆಗೆ. ಅವಳು ಕಟ್ಟಿಟ್ಟ ಬಿಸಿಲು ಒಂದೊಂದೇ ಕಿಡಿಯಾಗಿ ಹೊರಬಂತು. ಡೊಳ್ಳನ ಮೈ ಬೆಚ್ಚಗಾಗಿ ಕುಣಿಯತೊಡಗಿತು.

"ಹೇಗಿದೆ?" ಅಂತ ಪಚ್ಚೆ ಮೆಲ್ಲಗೆ ಕೇಳಿದಳು.

"ಚೆನ್ನಾಗಿದೆ."

ಅವಳ ಮುಖ ಬಾಡಿತು. ಈ ಮಾತನ್ನು ಅವಳು ತುಂಬಾ ಸಲ ಕೇಳಿದ್ದಳು. "ನಿಜ ಹೇಳು ಕಿಡಿಯ."

"ನಿಜ ಹೇಳಲಾ? ಬೇಜಾರು ಮಾಡ್ಕೋಬೇಡ. ಸಿಹಿ ಒಂಚೂರು ಜಾಸ್ತಿ."

ಪಚ್ಚೆ ಅತ್ತುಬಿಟ್ಟಳು. ಸಮುದ್ರದಲ್ಲಿ ಅತ್ತರೆ ಯಾರಿಗೆ ಕಾಣುತ್ತೆ? ಇವನು ನಿಜವಾಗಿ ಉಂಡಿದ್ದಾನೆ. ಉಂಡು ಇಲ್ಲೇ ಇದ್ದಾನೆ.

ಅಷ್ಟರಲ್ಲಿ ಕಿಡಿಯ ಉಸಿರು ಬಿಟ್ಟ. ಡೊಳ್ಳನ ಬಾಯಿಂದ ಒಂದು ತೇಗು ಬಂತು. ಅದರಲ್ಲಿ ಮಂಕುಗಾಳಿ ಇತ್ತು, ತಾಜಾ ಮಂಕುಗಾಳಿ.

"ಇದನ್ನ ಎಲ್ಲಿ ಎಸೀತೀಯ?" ಅಂದಳು ಪಚ್ಚೆ.

"ಎಲ್ಲೋ ಒಂದು ಕಡೆ. ಯಾರಿಗೆ ಬೇಕು ಅದು?"

"ನನಗೆ ಬೇಕು."

ಡೊಳ್ಳ ನುಂಗಬೇಕಾಗಲಿಲ್ಲ. ಅವಳೇ ಬಾಯೊಳಗೆ ನಡೆದು ಹೋದಳು.

ಅಂದಿನಿಂದ ಒಂದೇ ಮನೆಯಲ್ಲಿ ಎರಡು ಅಡುಗೆಮನೆ. ಬಿಸಿಲಿರುವಷ್ಟು ಹೊತ್ತು ಪಚ್ಚೆ ಗಂಟು ಕಟ್ಟುತ್ತಾಳೆ. ಕಿಡಿಯ ಬಿಸಿಲಿರಲಿ ಬಿಡಲಿ ಬಿಚ್ಚುತ್ತಲೇ ಇರುತ್ತಾನೆ. ಅವಳು ಬಿಟ್ಟಿದ್ದು ಇವನಿಗೆ ಬೇಕು, ಇವನು ಬಿಟ್ಟಿದ್ದು ಅವಳಿಗೆ ಬೇಕು. ಊಟ ಮನೆಯಲ್ಲೇ ಇರುವಾಗ ಅಲೆಯುವುದು ಯಾಕೆ ಅಂತ ಡೊಳ್ಳ ಬೇರು ಬಿಟ್ಟು ಕೂತ. ಅವನ ಮಕ್ಕಳು ಮೊಮ್ಮಕ್ಕಳೇ ಹುಲ್ಲು, ಬೇವು, ಹಲಸು.

ಡೊಳ್ಳನ ಅಣ್ಣತಮ್ಮಂದಿರಿಗೆ ಪಚ್ಚೆ ಸಿಗಲಿಲ್ಲ. ಅವರ ಹೊಟ್ಟೆಯಲ್ಲಿ ಕಿಡಿಯನ ಅಣ್ಣತಮ್ಮಂದಿರು ಮಾತ್ರ. ಅವರು ಮೀನಾದರು, ಕಾಗೆಯಾದರು, ದನವಾದರು, ನಾವಾದೆವು. ಒಳಗೆ ಕೂತವನು "ಊಟ ಎಲ್ಲಿ, ಗಾಳಿ ಎಲ್ಲಿ" ಅಂತ ಪೀಡಿಸುತ್ತಾನೆ. ಅದಕ್ಕೇ ನಾವು ದಿನಾ ತಟ್ಟೆ ಹಿಡಿದು ಪಚ್ಚೆಯ ಬಾಗಿಲಿಗೆ ಹೋಗುತ್ತೇವೆ. ಓಡಿ ಬಂದಾಗ ಏದುಸಿರು ಬಂದು ಮೈ ಬಿಸಿಯಾಗುವುದೂ ಅವನದೇ ಕಿತಾಪತಿ.

ಇಷ್ಟಾದರೂ ಪಚ್ಚೆಗೆ ಕೆಸರಿನ ನೆನಪು ಹೋಗಲಿಲ್ಲ. ನೆಲದ ಮೇಲೆ ಕೆರೆಗಳಾದಾಗ ಗಂಧಕವ್ವ ಅವುಗಳ ತಳದ ಕೆಸರಿಗೂ ಬಂದು ಸೇರಿದ್ದಳು.

"ಗಂಧಕವ್ವನಿಗೆ ಒಂದು ತುತ್ತು ತಲುಪಿಸ್ತೀಯಾ?" ಅಂತ ಗಾಳಿಯನ್ನು ಕೇಳಿದಳು.

"ನಾನು ಹೋದ್ರೆ ನಿನ್ನ ಚುರುಕುಗಾಳೀನೂ ನನ್ನ ಜೊತೆ ಬರುತ್ತೆ ಪಚ್ಚೆ. ಮುದುಕಿ ಸುಟ್ಟು ಹೋಗ್ತಾಳೆ."

ಪಚ್ಚೆ ತುಂಬಾ ದಿನ ಯೋಚಿಸಿದಳು. ತಾನು ಜೊತೆಗೆ ಹೋದರೆ ಅವ್ವ ಉಳಿಯಲ್ಲ. ಹಾಗಾದರೆ ಬುತ್ತಿ ಮಾತ್ರ ಹೋಗಲಿ. ಒಂದು ಎಲೆಯಲ್ಲಿ ಊಟ ಕಟ್ಟಿಟ್ಟು, ತನ್ನ ಹಸಿರನ್ನೆಲ್ಲ ಚೂರೂ ಬಿಡದೆ ಬಳಿದುಕೊಂಡು, ತಾನು ಹೊರಗೆ ಬಂದುಬಿಟ್ಟಳು. ಎಲೆ ಹಳದಿಯಾಯಿತು. ತೊಟ್ಟು ಕಳಚಿತು. ಕೆರೆಯ ಮೇಲೆ ಬಿದ್ದು, ನೆನೆದು, ತೂಕವಾಗಿ, ತಳದ ಕೆಸರಿಗೆ ಇಳಿಯಿತು. ಎಷ್ಟೋ ದಿನದ ಮೇಲೆ ಕೆಳಗಿಂದ ಬುಳುಕ್ ಅಂತ ಒಂದು ಗುಳ್ಳೆ ಎದ್ದಿತು, ಗಂಧಕದ ವಾಸನೆಯದು.

ಅದಕ್ಕೇ ಎಲೆ ಉದುರುವ ಮೊದಲು ಹಳದಿಯಾಗುವುದು, ಅದಕ್ಕೇ ನೀವು ಕೆರೆಯ ಕೆಸರಿಗೆ ಕಾಲಿಟ್ಟರೆ ನಾರುವ ಗುಳ್ಳೆ ಏಳುವುದು.

ಎಲೆ ಹಳದಿಯಾಗೋದು ನಿಜ, ಬೀಳೋದು ನಿಜ, ಗುಳ್ಳೆ ಏಳೋದೂ ನಿಜ, ಬೇಕಾದರೆ ಹೋಗಿ ಮೂಗು ಮುಚ್ಚಿಕೊಂಡು ನೋಡಿ. ಪಚ್ಚೆ ಬೇಕಂತಲೇ ಕಳಿಸುತ್ತಾಳೆ ಅನ್ನೋದು ಮಾತ್ರ ನಾನು ಕಟ್ಟಿದ್ದು. ಅವಳೂ ಗಂಧಕವ್ವನೂ ಮತ್ತೆ ಒಂದು ಮಾತೂ ಆಡಲಿಲ್ಲ ಅಂತ ಹೇಳಿ ಎದ್ದು ಹೋಗೋಕೆ ನನಗೆ ಮನಸ್ಸು ಬರಲಿಲ್ಲ.